ಮುಟ್ಟದೆ ಬಿಡಿಸಬೇಕಾಗಿದ್ದ ಸರಪಳಿ

ಗೋವೆ ಬಿಡುಗಡೆಯಾದ ವರ್ಷ ನಾನು ಯಲ್ಲಾಪುರದ ಬ್ಲಾಕ್ ಕಚೇರಿಯಲ್ಲಿ ಗ್ರಾಮಸೇವಕಿಯಾಗಿದ್ದೆ. ಹಳ್ಳಿಯ ಹೆಂಗಸರಿಗೆ ಹೊಗೆಯಿಲ್ಲದ ಒಲೆ ಹಾಕಿಕೊಡುವುದು, ಮಕ್ಕಳಿಗೆ ಹಾಲಿನ ಪುಡಿ ಹಂಚುವುದು, ಬಾಣಂತಿಯರನ್ನು ವಿಚಾರಿಸುವುದು ನನ್ನ ಕೆಲಸ ಎಂದು ಸೇರಿಸಿಕೊಳ್ಳುವಾಗ ಹೇಳಿದ್ದರು. ಸರ್ಕಾರಕ್ಕೆ ಏನಾದರೂ ಹೇಳಬೇಕೆನಿಸಿದಾಗ ಅದನ್ನು ಹೆಂಗಸರ ಕಿವಿಗೆ ಹಾಕುವುದೂ ನನ್ನದೇ ಕೆಲಸವೆಂಬುದು ಆಮೇಲೆ ಗೊತ್ತಾಯಿತು. ನಮ್ಮ ಊರು ಸಿದ್ದಾಪುರದ ಹತ್ತಿರದ ಕೋಲಸಿರ್ಸಿ. ಹುಡುಗಿಯೊಬ್ಬಳು ಒಂಟಿಯಾಗಿ ಹಳ್ಳಿ ಹಳ್ಳಿ ಸುತ್ತುವ ನೌಕರಿಗೆ ಅಪ್ಪಯ್ಯ ಒಪ್ಪಿದ್ದೇ ದೊಡ್ಡದು. ಯಲ್ಲಾಪುರದಲ್ಲಿ ಸೋದರತ್ತೆಯ ಮನೆ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಒಲೆ, ಹಾಲಿನ ಪುಡಿ ಎಲ್ಲ ಮೂಲೆ ಸೇರಿದವು. ಹುಬ್ಬಳ್ಳಿ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಓಡಾಡತೊಡಗಿದವು. ಪಂಚಾಯಿತಿಯ ರೇಡಿಯೋದ ಮುಂದೆ ಯಾವಾಗಲೂ ಜನ. ಅದರ ಹಿಂದೆಯೇ ಪ್ರಚಾರ ಇಲಾಖೆಯ ವ್ಯಾನು ಬಂತು. ಅದರಲ್ಲಿ ಧ್ವನಿವರ್ಧಕ, ಭಿತ್ತಿಚಿತ್ರಗಳ ಕಟ್ಟು, ಕರಪತ್ರಗಳ ಮೂಟೆ, ಮತ್ತು ಪ್ರಚಾರದ ಸಾಹೇಬರು. ಸಾಹೇಬರು ಧಾರವಾಡದ ಕಡೆಯವರು. ಖಾದಿ ಕೋಟು, ಹಣೆಯ ಮೇಲೆ ಬೆವರು, ಮಾತಿನಲ್ಲಿ ಸದಾ ಒಂದು ತರಾತುರಿ. ಕೆಟ್ಟ ಮನುಷ್ಯ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ತಾನು ಧ್ವನಿವರ್ಧಕದಲ್ಲಿ ಹೇಳಿದ್ದನ್ನು ತಾನೇ ಮೊದಲು ನಂಬುವವರು. ಅವರ ಜೊತೆ ಕೆಲಸ ಮಾಡುವುದು ಕಷ್ಟವಾಗಿದ್ದದ್ದು ಅದಕ್ಕೇ.

ಕರಪತ್ರವನ್ನು ಓದಿ ಹೇಳಲು ನನ್ನನ್ನು ಕಿರವತ್ತಿಯ ಸುತ್ತಿನ ಹಳ್ಳಿಗಳಿಗೆ ಕಳಿಸಿದರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವೆಯ ಜನರಿಗೆ ನಾಲ್ಕು ಮಾತು ಗಟ್ಟಿಯಾಗಿ ಆಡುವ ಹಕ್ಕಿಲ್ಲ, ಸಭೆ ಸೇರುವ ಹಕ್ಕಿಲ್ಲ, ಮದುವೆಯ ಕರೆಯೋಲೆ ಅಚ್ಚು ಹಾಕಿಸಬೇಕಾದರೂ ಸರ್ಕಾರದ ಅಪ್ಪಣೆ ಬೇಕು ಎಂದೆಲ್ಲ ಅದರಲ್ಲಿತ್ತು. ಅದು ಸುಳ್ಳೂ ಅಲ್ಲ. ಗೋವೆಯಿಂದ ಬಂದುಹೋಗುವವರು ಅದನ್ನೇ ಹೇಳುತ್ತಿದ್ದರು. ಸುಳ್ಳನ್ನು ಓದು ಎಂದಿದ್ದರೆ ಬೇಸರ ಇಷ್ಟಿರುತ್ತಿರಲಿಲ್ಲ. ನಿಜವನ್ನು ಓದುತ್ತಾ ಓದುತ್ತಾ ಎದುರಿಗೆ ಕೂತವರ ಮುಖ ನೋಡಲಾಗದೆ ಹೋಯಿತು.

ಕಿರವತ್ತಿಯಿಂದ ಒಳಗೆ ನಡೆದು ಹೋಗಬೇಕಾದ ಒಂದು ಊರಿನಲ್ಲಿ ಓದಿದ್ದು ಸರಿಯಾಗಿ ನೆನಪಿದೆ. ಆ ಊರಿನ ಗದ್ದೆ, ತೋಟ ಬಹುಪಾಲು ಒಬ್ಬರದೇ. ಸುತ್ತಿನವರೆಲ್ಲ ಅವರನ್ನು ಒಡೆಯರು ಎಂದೇ ಕರೆಯುತ್ತಿದ್ದರು. ಅವರ ಕಣದಲ್ಲಿ ಹೆಂಗಸರು ಕೂತಿದ್ದರು. ಕಣದಾಚೆ ಹುಣಸೆಮರದ ಕೆಳಗೆ, ಕೆಲಸದವರಿಗೆಂದು ಬಿಟ್ಟ ಜಾಗದಲ್ಲಿ, ಸಿದ್ದಿ ಹೆಂಗಸರು ನಿಂತಿದ್ದರು. ಸಿದ್ದಿಯರೆಂದರೆ ಯಾವುದೋ ಕಾಲದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಆಫ್ರಿಕಾದಿಂದ ಬಂದು ಗೋವೆಯಲ್ಲಿ ಮಾರಾಟವಾದವರ ಮಕ್ಕಳು ಮೊಮ್ಮಕ್ಕಳು. ಅಲ್ಲಿಂದ ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದು ನಮ್ಮ ಕಾಡು ಸೇರಿದವರು. ಕಾಡಿನಿಂದ ನಮ್ಮವರ ಗದ್ದೆಗೆ ಬಂದರು, ಅಲ್ಲೇ ಉಳಿದರು.

ಅವರಲ್ಲಿ ಒಬ್ಬಳು ನನಗೆ ಚೆನ್ನಾಗಿ ಪರಿಚಯ. ನಲವತ್ತರ ಆಸುಪಾಸು, ಎತ್ತರದ ಆಳು, ಬೇಗ ನಗುವವಳಲ್ಲ. ಹೊಗೆಯಿಲ್ಲದ ಒಲೆ ಹಾಕಿ ತೋರಿಸಿದ ದಿನ, "ಹೊಗೆ ಇಲ್ಲ ಅಂದ್ರೆ ಸೊಳ್ಳೆ ಎಂತಕ್ಕೆ ಹೋಗ್ತದೆ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದವಳು. ಗಂಡ ಬೇಸಿಗೆಯಲ್ಲಿ ಕಾಡಿನಿಂದ ಮರದ ದಿಮ್ಮಿ ಎಳೆಯುವ ನಾಟಾ ಕೆಲಸಕ್ಕೆ, ಮಳೆಗಾಲದಲ್ಲಿ ಒಡೆಯರ ಗದ್ದೆಗೆ ಹೋಗುತ್ತಿದ್ದ. ಇವಳು ವರ್ಷವಿಡೀ ಒಡೆಯರ ಕೊಟ್ಟಿಗೆ, ಅಂಗಳ. ಬಿಡಾರ ಒಡೆಯರ ಜಾಗದಲ್ಲಿ. ಒಬ್ಬಳೇ ಮಗಳು.

ಕರೆಯೋಲೆಯ ಮಾತು ಓದಿದಾಗ ಅವಳು ಮರದ ಕೆಳಗಿಂದಲೇ ಕೇಳಿದಳು. "ಅಮ್ಮಾ, ಅಲ್ಲಿ ಮದುವೆಗೆ ಅಪ್ಪಣೆ ಕೇಳೂದು ಯಾರ ಹತ್ರ?"

"ಸರ್ಕಾರದ ಹತ್ರ."

"ಸರ್ಕಾರ ಕೊಡ್ತದಾ?"

"ಕೆಲವು ಸಲ ಕೊಡ್ತದೆ, ಕೆಲವು ಸಲ ಕೊಡೂದಿಲ್ಲ."

"ಹಾಗಾದ್ರೆ ಸುಮಾರು ಒಳ್ಳೇ ಸರ್ಕಾರವೇ" ಎಂದು ಅವಳು ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು. ಅವಳ ಮಗಳಿಗೆ ಹಳಿಯಾಳ ಕಡೆಯ ಹುಡುಗನೊಬ್ಬ ನಿಶ್ಚಯವಾಗಿ ಎರಡು ಮಳೆಗಾಲ ಕಳೆದಿತ್ತು. ಒಡೆಯರು ಈ ಸಲ ನಾಟಿ ಮುಗಿಯಲಿ, ಈ ಸಲ ಕೊಯ್ಲು ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಿದ್ದರು. ಅಂಗಳ ಗುಡಿಸುವ ಎರಡು ಕೈ ಹೋಗುತ್ತದಲ್ಲ. ಈ ಸಂಗತಿ ಕಣದಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನು ಕರಪತ್ರದ ಮುಂದಿನ ಸಾಲಿಗೆ ಹೋದೆ.

ಗೋವೆ ನಮ್ಮದಾಯಿತೆಂದು ರೇಡಿಯೋ ಹೇಳಿದ ಮೇಲೆ, ಪ್ರಚಾರದ ಸಾಹೇಬರು ಜನವರಿಯ ಗಣರಾಜ್ಯೋತ್ಸವವನ್ನೂ ವಿಜಯೋತ್ಸವವನ್ನೂ ಒಟ್ಟಿಗೆ ಮಾಡೋಣವೆಂದರು. ಕಿರವತ್ತಿಯ ಶಾಲೆಯ ಬಯಲಿನಲ್ಲಿ ಸಭೆ, ಭಾಷಣ, ಒಂದು ಸ್ತಬ್ಧಚಿತ್ರ. ಸ್ವಾಗತ ಸಮಿತಿಯ ಅಧ್ಯಕ್ಷರು ಒಡೆಯರೇ. ಸಭೆಯ ಸಿದ್ಧತೆಗೆಂದು ಸಾಹೇಬರೂ ನಾನೂ ಅವರ ಮನೆಗೆ ಹೋಗಿದ್ದೆವು. ಜಗಲಿಯಲ್ಲಿ ಪಾನಕ ಕೊಟ್ಟರು.

ಸಾಹೇಬರು ತಮ್ಮ ಯೋಜನೆ ವಿವರಿಸಿದರು. ಗೋವಾ ಮಾತೆ ಸರಪಳಿಯಲ್ಲಿ ಬಿಗಿದು ಕೂತಿರುತ್ತಾಳೆ. ಭಾರತ ಮಾತೆ ಬಂದು ಸರಪಳಿ ಬಿಡಿಸಿ, ಅವಳನ್ನು ಎಬ್ಬಿಸಿ ಅಪ್ಪಿಕೊಳ್ಳುತ್ತಾಳೆ. ಭಾರತ ಮಾತೆಗೆ ಒಡೆಯರ ಮಗಳೇ ಆಗಬೇಕೆಂದು ಅವರು ಮೊದಲೇ ನಿಶ್ಚಯಿಸಿಕೊಂಡು ಬಂದಿದ್ದರು. ಯಲ್ಲಾಪುರದ ಹೈಸ್ಕೂಲಿಗೆ ಹೋಗುತ್ತಿದ್ದ, ಹದಿನೈದು ಹದಿನಾರರ, ಲಕ್ಷಣವಾದ ಹುಡುಗಿ. ಒಡೆಯರಿಗೆ ಖುಷಿಯಾಯಿತು. ಖುಷಿಯಲ್ಲಿ ಅವರೇ ಒಂದು ಸಲಹೆ ಕೊಟ್ಟರು.

"ಗೋವಾ ಮಾತೆಗೆ ಬೇರೆ ಎಲ್ಲೂ ಹುಡುಕೂದು ಬೇಡ ಸಾಹೇಬ್ರೇ. ಪೋರ್ಚುಗೀಸರ ಗುಲಾಮಗಿರಿಯಿಂದ ಓಡಿ ಬಂದವರ ಪೀಳಿಗೆಯೇ ನಮ್ಮ ಅಂಗಳದಲ್ಲಿದೆ. ನಮ್ಮ ಅಜ್ಜಂದಿರು ಜಾಗ ಕೊಟ್ಟು ಸಾಕಿದ್ದು."

ಸಾಹೇಬರು ಕೂತಲ್ಲಿಂದ ಎದ್ದೇಬಿಟ್ಟರು. "ಏನ್ ಹೇಳಿದ್ರಿ ನೀವು. ಖರೇ ಗುಲಾಮರ ವಂಶ. ಫೋಟೋದಾಗ ಹೆಂಗ ಕಾಣತೈತಿ ನೋಡ್ರಿ." ಅಂಗಳದಲ್ಲಿ ಸಗಣಿ ಬಾಚುತ್ತಿದ್ದ, ಅಂದು ಮದುವೆಯ ಅಪ್ಪಣೆಯ ಮಾತು ಕೇಳಿದ್ದ ಆ ಸಿದ್ದಿ ಹೆಂಗಸನ್ನೇ ಜಗಲಿಯ ಕೆಳಗೆ ಕರೆಸಿ, ಮೇಲಿಂದ ಕೆಳಗಿನವರೆಗೆ ನೋಡಿ, ಆಗಬಹುದು ಎಂದರು. ಒಡೆಯರು ಹೋಗು ಎಂದ ಮೇಲೆ ಅವಳು ಮತ್ತೆ ಬುಟ್ಟಿ ತೆಗೆದುಕೊಂಡಳು. ಏನು ನಡೆಯುತ್ತಿದೆ ಎಂದು ಯಾರೂ ಅವಳಿಗೆ ಹೇಳಲಿಲ್ಲ.

ತೊಡಕು ಶುರುವಾದದ್ದು ಆಮೇಲೆ. ಅಪ್ಪಿಕೊಳ್ಳುವುದು ಎಂಬ ಮಾತು ಒಡೆಯರ ತಲೆಗೆ ನಿಧಾನವಾಗಿ ಹೋಯಿತು. ಅವರು ನನ್ನ ಕಡೆ ತಿರುಗಿ, ನಮ್ಮ ಮನೆಮಾತಿಗೆ ಇಳಿದರು. "ಎಂತ ತಂಗಿ, ನೀನಾದ್ರೂ ಹೇಳು. ಕೂಸು ಅದನ್ನ ಮುಟ್ಟದು ಹೇಳಿರೆ ಆಗ್ತಿಲ್ಲೆ. ಎಲ್ಲಾ ಜನದ ಎದುರಿಗೆ. ನಾಳೆ ಕೂಸಿಗೆ ಮದುವೆ ಮಾಡವು."

ಮಗಳು ಎಲ್ಲರೆದುರು ಆ ಹೆಂಗಸನ್ನು ಮುಟ್ಟುವುದು ಆಗುವುದಿಲ್ಲವಂತೆ, ನಾಳೆ ಅವಳ ಮದುವೆ ಮಾಡಬೇಕಂತೆ ಎಂದು ನಾನು ಸಾಹೇಬರಿಗೆ ತರ್ಜುಮೆ ಮಾಡಿದೆ. ಅವರು ಸ್ವಲ್ಪ ಹೊತ್ತು ಹಣೆ ಒರೆಸಿಕೊಂಡರು. ನಾನು ಕಾಯುತ್ತಿದ್ದೆ. ಇಷ್ಟು ದಿನ ಧ್ವನಿವರ್ಧಕದಲ್ಲಿ ಸ್ವಾತಂತ್ರ್ಯ, ಸಮಾನತೆ ಎಂದು ಕೂಗಿದ ಮನುಷ್ಯ ಈಗ ಏನಾದರೂ ಅಂದಾರು ಎಂಬ ಆಸೆ. ಅವರು ಅಂದದ್ದು, "ಹಂಗಾದ್ರ ಅಪ್ಪಿಕೊಳ್ಳೋದು ಬ್ಯಾಡ ಬಿಡ್ರಿ. ಬರೇ ಸರಪಳಿ ಬಿಡಿಸಲಿ."

"ಸರಪಳಿ ಅದರ ಮೈಮೇಲೇ ಇರ್ತದಲ್ಲ" ಎಂದರು ಒಡೆಯರು.

"ಹಂಗಾದ್ರ ಕೈಲೇ ಬಿಡಿಸೋದು ಬ್ಯಾಡ. ಧ್ವಜದ ಕೋಲಿನ್ಯಾಗ ಮೆಲ್ಲಕ ಮುಟ್ಟಲಿ. ಸರಪಳಿ ತಾನ ಬೀಳತೈತಿ."

ಹೀಗೆ ಆ ಜಗಲಿಯ ಮೇಲೆ ಗೋವೆಯ ವಿಮೋಚನೆ ಮತ್ತೊಂದು ಸಲ ತೀರ್ಮಾನವಾಯಿತು. ಮುಟ್ಟದೆ ಬಿಡಿಸುವುದೆಂದು. ನಾನು ಪಾನಕದ ಲೋಟ ಕೆಳಗಿಟ್ಟು, ಆ ಹೆಂಗಸನ್ನು ಒಂದು ಮಾತು ಕೇಳಬೇಡವೇ ಎಂದೆ. ಇಬ್ಬರೂ ನನ್ನನ್ನು ಒಂದೇ ರೀತಿ ನೋಡಿದರು.

"ಬಿಡುಗಡೆ ಮಾಡಾಕ ಅಕಿ ಒಪ್ಪಿಗಿ ಯಾಕ ಬೇಕ್ರೀ?" ಎಂದರು ಸಾಹೇಬರು. ತಮಾಷೆಗಲ್ಲ.

ಆದರೂ ನಾನು ಕೊಟ್ಟಿಗೆಯ ಕಡೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ನಿನಗೆ ಇಷ್ಟವಿಲ್ಲದಿದ್ದರೆ ಹೇಳು ಎಂದೂ ಸೇರಿಸಿದೆ. ಅವಳು ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ.

"ಬೇಡ ಅಂದ್ರೆ ಬಿಡ್ತ್ರಾ?"

ನಾನು ಜಗಲಿಯ ಕಡೆ ನೋಡಿದೆ.

"ಹಾಗಾದ್ರೆ ಎಂತಕ್ಕೆ ಕೇಳೂದು ಅಮ್ಮಾ. ಸುಮ್ನೆ ನಿಮ್ಗೂ ಸಂಕಟ." ಆಮೇಲೆ ಅವಳೇ ಕೇಳಿದಳು. "ಆ ದಿನ ಕೊಟ್ಟಿಗೆ ಕೆಲ್ಸ ಯಾರು ಮಾಡೂದು?"

ಅದನ್ನು ವಿಚಾರಿಸಿದೆ. ಬೆಳಿಗ್ಗೆ ಬೇಗ ಬಂದು ಮುಗಿಸಿಯೇ ಹೋಗಬೇಕು ಎಂದರು ಒಡತಿ.

ಶಾಲೆಯ ಕೋಣೆಯಲ್ಲಿ ತಾಲೀಮು ನಡೆಯಿತು. ಮೊದಲು ನಾಟಾ ಎಳೆಯುವ ಸರಪಳಿ ತರಿಸಿದರು. ಇಬ್ಬರು ಗಂಡಸರು ಹೊತ್ತು ತಂದರು, ಅವಳ ಹೆಗಲಿಗೆ ಹಾಕಿದರೆ ಉಸಿರಾಡಲು ಆಗಲಿಲ್ಲ. ಫೋಟೋಕ್ಕೆ ಚೆಂದ ಎಂದು ಸಾಹೇಬರು ಅದನ್ನೇ ಇಡುವ ಹಟ ಮಾಡಿದರು. ನಾನು ಜಗಳ ಆಡಿ ತೆಗೆಸಿದೆ. ಕೊನೆಗೆ ಒಡೆಯರ ಕೊಟ್ಟಿಗೆಯಿಂದ ದನ ಕಟ್ಟುವ ಸರಪಳಿ ಬಂತು, ತುದಿಗೆ ಕೊಂಡಿ ಇದ್ದದ್ದು. ಕೊಂಡಿ ಸಡಿಲವಾಗಿ ಸಿಕ್ಕಿಸಿದರೆ ಅವಳು ಭುಜ ಕುಲುಕಿದ ಕೂಡಲೇ ಕಳಚಿ ಬೀಳುತ್ತಿತ್ತು. ಕೋಲು ತಾಗುವುದಕ್ಕೂ ಭುಜ ಕುಲುಕುವುದಕ್ಕೂ ಸರಿಹೊಂದಿಸುವುದೇ ತಾಲೀಮಿನ ಮುಖ್ಯ ಭಾಗ. ಎಂದರೆ ಬಿಡಿಸಿಕೊಳ್ಳುವವಳು ಅವಳೇ, ಬಿಡಿಸಿದ ಹೆಸರು ಕೋಲು ಹಿಡಿದವಳಿಗೆ.

ಸಾಹೇಬರಿಗೆ ಅವಳ ಮುಖದ ಮೇಲೆ ದುಃಖ ಸಾಲದಾಗಿತ್ತು. ಅವಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ತಿಳಿಸಿ ಹೇಳಿದರು. "ನೋಡವಾ, ಗುಲಾಮಗಿರಿ ಅಂದ್ರ ಭಾಳ ಕೆಟ್ಟದ್ದು. ನಮ್ಮ ಮೈಯಿ ನಮ್ಮದಲ್ಲ, ನಮ್ಮ ಮಕ್ಕಳು ನಮ್ಮವಲ್ಲ. ಹೋಗಬೇಕಂದ್ರ ಹೋಗಾಕ ಬರಂಗಿಲ್ಲ. ಅದನ್ನ ಮನಸ್ಸಿನ್ಯಾಗ ತಂದುಕೋ."

ಅವಳು ಗಮನವಿಟ್ಟು ಕೇಳಿದಳು. "ಹಾಂ" ಎಂದಳು. ಮುಖ ಮಾತ್ರ ಹಾಗೆಯೇ ಇತ್ತು. ಸಾಹೇಬರು ನನ್ನ ಕಡೆ ತಿರುಗಿ, ಇವರಿಗೆ ಕಲ್ಪನೆ ಕಡಿಮೆ ಎಂದರು. ನನಗೆ ಎಷ್ಟು ರೇಗಿತ್ತೆಂದರೆ, ಉತ್ತರ ಕೊಡುವ ಬದಲು ಹೊರಗೆ ಹೋಗಿ ಶಾಲೆಯ ಗಂಟೆಯ ಕೆಳಗೆ ನಿಂತುಕೊಂಡೆ. ಒಡೆಯರ ಮಗಳು ಕೋಲು ಹಿಡಿದೇ ನನ್ನ ಹಿಂದೆ ಬಂದಳು.

"ಅಕ್ಕಾ, ಈ ಕೋಲು ತಾಗಿಸದು ಯಂಗೆ ನಾಚಿಕೆ ಆಗ್ತು" ಎಂದಳು. "ಹುಟ್ಟಿದಾಗಿಂದ ನೋಡ್ತಾ ಇದ್ದಿ ಅದನ್ನ. ಸಣ್ಣಕ್ಕಿದ್ದಾಗ ಯಂಗೆ ಹುಷಾರಿಲ್ದೇ ಹೋದಾಗ ಎತ್ತಿಕೊಂಡು ಡಾಕ್ಟರ ಹತ್ರ ಓಡಿದ್ದು ಅದೇ ಅಡ, ಆಯಿ ಹೇಳ್ತು. ಅವಾಗ ಮುಟ್ಟಲಕ್ಕಿತ್ತು."

"ನಿನ್ನ ಅಪ್ಪಯ್ಯನ ಹತ್ರ ಹೇಳು."

"ಹೇಳಿದಿ. ಅದು ಬೇರೆ, ಇದು ಬೇರೆ ಅಂದ."

ಸಭೆಯ ದಿನ ಬಯಲು ತುಂಬಿತ್ತು. ರಸ್ತೆಯ ಬದಿಯ ಬಯಲಾದ್ದರಿಂದ ಲಾರಿಯವರೂ ನಿಲ್ಲಿಸಿ ನೋಡುತ್ತಿದ್ದರು. ಸಿರ್ಸಿಯಿಂದ ಫೋಟೋದವನು ಬಂದಿದ್ದ. ಅಧ್ಯಕ್ಷರಾದ ಒಡೆಯರು ಮಾತಾಡಿದರು. ಸಾಹೇಬರು ಬರೆದುಕೊಟ್ಟದ್ದನ್ನೇ ಓದಿದರೂ ಧ್ವನಿ ಗಂಭೀರವಾಗಿತ್ತು. ಮಗಳ ಮದುವೆಯ ಕರೆಯೋಲೆಗೂ ದೊರೆಯ ಅಪ್ಪಣೆ ಬೇಡಬೇಕಾದ ತಂದೆ ತಾಯಿಯ ಸಂಕಟವನ್ನು ಅವರು ವರ್ಣಿಸಿದಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಿದ್ದಿಯರು ನಿಂತ ಕಡೆಯಿಂದ ಒಂದು ಸಣ್ಣ ಗುಜುಗುಜು ಕೇಳಿತು. ಒಡೆಯರು ಅದನ್ನು ಮೆಚ್ಚುಗೆ ಎಂದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು. ಅವರು ನಾಟಕ ಮಾಡುತ್ತಿರಲಿಲ್ಲ. ಗೋವೆಯ ಆ ತಂದೆ ತಾಯಿಯ ಬಗ್ಗೆ ಅವರಿಗೆ ನಿಜವಾಗಿಯೂ ಮರುಕವಿತ್ತು. ನನಗೆ ಇಷ್ಟು ವರ್ಷವಾದರೂ ಅರಗದೇ ಉಳಿದದ್ದು ಅದೊಂದೇ.

ಪರದೆ ಸರಿಯಿತು. ಹರಿದ ಹಸಿರು ಸೀರೆಯಲ್ಲಿ ಅವಳು ಮಂಡಿ ಮಡಚಿ ಕೂತಿದ್ದಳು, ಎದೆಯ ಸುತ್ತ, ಕೈ ಸುತ್ತ ಸರಪಳಿ. ಒಡೆಯರ ಮಗಳು ಕಿರೀಟ ಇಟ್ಟುಕೊಂಡು, ಮನೆಯ ರೇಷ್ಮೆ ಉಟ್ಟು, ಧ್ವಜ ಹಿಡಿದು ಬಂದಳು. ಕೋಲನ್ನು ಸರಪಳಿಗೆ ತಾಗಿಸಿದಳು. ಸರಪಳಿಯಲ್ಲಿ ಕೂತವಳು ಭುಜ ಕುಲುಕಿದಳು. ಸರಪಳಿ ಬೀಳಲಿಲ್ಲ.

ಹುಡುಗಿ ಇನ್ನೊಮ್ಮೆ ತಾಗಿಸಿದಳು. ಕೂತವಳು ಇನ್ನೊಮ್ಮೆ ಕುಲುಕಿದಳು. ಪರದೆಯ ಹಿಂದೆ ಸಾಹೇಬರು ಬಿಗಿದು ಸಿಕ್ಕಿಸಿದ್ದರೋ, ಕೊಂಡಿ ಸೀರೆಯ ನೂಲಿಗೆ ಸಿಕ್ಕಿಕೊಂಡಿತ್ತೋ. ಬಯಲಿನಲ್ಲಿ ಯಾರೋ ನಕ್ಕರು. ಮೂರನೇ ಸಲ ಕೋಲು ಸ್ವಲ್ಪ ಜೋರಾಗಿ ತಾಗಿ ಅವಳ ಮುಖ ಕಿವುಚಿತು. ಸಾಹೇಬರು ಬದಿಯಿಂದ "ಹೊಡೀ, ಹೊಡೀ" ಎಂದು ಪಿಸುಗುಟ್ಟುತ್ತಿದ್ದರು.

ಹುಡುಗಿ ಒಮ್ಮೆ ತಂದೆಯ ಕಡೆ ನೋಡಿದಳು. ಆಮೇಲೆ ಧ್ವಜವನ್ನು ಮೈಕು ಇಟ್ಟಿದ್ದ ಮೇಜಿಗೆ ಒರಗಿಸಿ, ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಯಿಂದ ಕೊಂಡಿ ಹುಡುಕಿ ಬಿಡಿಸತೊಡಗಿದಳು. ಕೊಂಡಿ ಬೆನ್ನಿನ ಕಡೆ ಹೋಗಿತ್ತು. ತೋಳು ಬಳಸಿಯೇ ತೆಗೆಯಬೇಕಾಯಿತು. ಭಾರತ ಮಾತೆಯ ಕಿರೀಟ ಜಾರಿ ಗೋವಾ ಮಾತೆಯ ಹೆಗಲ ಮೇಲೆ ಬಿತ್ತು. "ತಡೆ ಅಮ್ಮಾ, ಕೂದಲು ಸಿಕ್ಕಿದೆ" ಎಂದು ಸಿದ್ದಿ ಹೆಂಗಸು ಹೇಳಿದ್ದು ಧ್ವನಿವರ್ಧಕದಲ್ಲಿ ಇಡೀ ಬಯಲಿಗೆ ಕೇಳಿಸಿತು. ಸರಪಳಿ ಬಿಚ್ಚಿಕೊಂಡಿತು. ಹುಡುಗಿ ಕೈ ಹಿಡಿದು ಅವಳನ್ನು ಎಬ್ಬಿಸಿದಳು.

ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತು. ಲಾರಿಯವರು ಶಿಳ್ಳೆ ಹಾಕಿದರು. ಸಾಹೇಬರ ಕಣ್ಣಲ್ಲಿ ನೀರು. ಫೋಟೋದವನು ತೆಗೆದೇ ತೆಗೆದ. ವೇದಿಕೆಯ ಮೇಲೆ ಒಡೆಯರು ಮಾತ್ರ ಕುರ್ಚಿಯ ಕೈ ಹಿಡಿದುಕೊಂಡು ನೇರ ಕೂತಿದ್ದರು. ಎಲ್ಲರೂ ಅವರನ್ನು ಅಭಿನಂದಿಸುತ್ತಿದ್ದರು, ಅವರು ಕೈ ಮುಗಿಯುತ್ತಿದ್ದರು.

ಮನೆಗೆ ಹೋದ ಮೇಲೆ ಮೈಲಿಗೆಯಾಯಿತೆಂದು ಹುಡುಗಿಗೆ ತಲೆಗೆ ಮೀಯಿಸಿದರು. ರೇಷ್ಮೆ ಸೀರೆಯನ್ನೂ ನೀರಿಗೆ ಅದ್ದಿದರು. ಮುಂದಿನ ವಾರ ಪತ್ರಿಕೆಯಲ್ಲಿ ಆ ಚಿತ್ರ ಬಂದಾಗ ಅವಳು ತಂದೆಯ ಮುಂದೆ ಹಿಡಿದು, "ಪೇಪರಿನಲ್ಲಿ ಇಪ್ಪ ಕೂಸಿಗೂ ಮೀಯಿಸ್ತ್ಯ ಅಪ್ಪಯ್ಯ?" ಎಂದು ಕೇಳಿದಳಂತೆ. ಇದನ್ನು ಅವಳ ತಾಯಿಯೇ ನನ್ನ ಹತ್ತಿರ ಹೇಳಿ, ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋದರು.

ಆದರೆ ಒಡೆಯರ ಸಿಟ್ಟು ಮಗಳ ಮೇಲೆ ಎಷ್ಟು ದಿನ ನಿಂತೀತು. ಅದು ಹೋಗಿ ನಿಂತದ್ದು ಆ ಸಿದ್ದಿ ಹೆಂಗಸಿನ ಮೇಲೆ. ಹುಡುಗಿಗೆ ತಿಳಿಯಲಿಲ್ಲ, ಇವಳಿಗಾದರೂ ತಿಳಿಯಬೇಕಿತ್ತು, ಹಿಂದೆ ಸರಿಯಬೇಕಿತ್ತು, ಬೇಕೆಂದೇ ಸರಪಳಿ ಗಟ್ಟಿ ಹಿಡಿದು ಕೂತಳು ಎಂದು ಊರಲ್ಲಿ ಮಾತು ಹುಟ್ಟಿತು. ಕೈ ಕಟ್ಟಿಸಿಕೊಂಡು ಕೂತವಳು ಎಲ್ಲಿಗೆ ಸರಿಯಬೇಕಿತ್ತೆಂದು ಯಾರೂ ಕೇಳಲಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಬಿಡಾರ ಎತ್ತಲು ಹೇಳಿದರು.

ನಾನು ಒಡೆಯರ ಹತ್ತಿರ ಹೋದೆ. ಅವರು ಮರ್ಯಾದೆಯಿಂದಲೇ ಕೂರಿಸಿದರು. "ಜಾಗ ಯಂಗಳದ್ದು ತಂಗಿ. ಇರು ಅಂದವರೂ ಯಂಗವೇ, ಹೋಗು ಅಂದವರೂ ಯಂಗವೇ. ಇದರಲ್ಲಿ ಅನ್ಯಾಯ ಎಂತ ಬಂತು?" ಎಂದರು. ಆಮೇಲೆ, ನಮ್ಮವಳೇ ಆಗಿ ನೀನು ಹೀಗೆ ತಿರುಗುವುದು ನಿನ್ನ ಅಪ್ಪನಿಗೆ ಗೊತ್ತೋ ಎಂದೂ ಕೇಳಿದರು.

ಪ್ರಚಾರದ ಸಾಹೇಬರು ಶಿಬಿರ ಮಾಡಿದ್ದ ಪ್ರವಾಸಿ ಬಂಗಲೆಗೆ ಹೋದೆ. ಅವರು ನನ್ನ ಮಾತು ಮುಗಿಯುವ ಮೊದಲೇ ಪತ್ರಿಕೆ ತೆರೆದು ತೋರಿಸಿದರು. ಚಿತ್ರದ ಕೆಳಗೆ ದಾಸ್ಯದಿಂದ ಬಿಡುಗಡೆ ಎಂಬರ್ಥದ ದೊಡ್ಡ ಅಕ್ಷರಗಳಿದ್ದವು. ಮೇಲಿನವರು ಬಹಳ ಮೆಚ್ಚಿದ್ದಾರೆ ಎಂದರು.

"ಸಾಹೇಬ್ರೇ, ಈ ಚಿತ್ರದಲ್ಲಿರುವ ಹೆಂಗಸನ್ನೇ ಮನೆಯಿಂದ ಹೊರಗೆ ಹಾಕುತ್ತಿದ್ದಾರೆ. ನೀವು ಒಂದು ಮಾತು ಹೇಳಿದರೆ ಅವರು ಕೇಳುತ್ತಾರೆ."

ಅವರಿಗೆ ನಿಜವಾಗಿಯೂ ಬೇಸರವಾಯಿತು. ಪತ್ರಿಕೆ ಮಡಿಸಿದರು. "ಅದು ಅವರ ಮನಿತನದ ವಿಚಾರ ಅಲ್ಲೇನ್ರೀ. ಒಬ್ಬರ ಮನಿ ಒಳಗಿನ ವಿಚಾರದಾಗ ನಾವು ಹೆಂಗ ಕೈ ಹಾಕೋದು?"

"ಗೋವೆಯವರ ವಿಚಾರದಲ್ಲಿ ಹಾಕಿದೆವಲ್ಲ."

"ಅದು ಪರದೇಶದವರ ಆಳಿಕಿ. ಇವ್ರು ನಮ್ಮವ್ರು."

ನಾನು ಅಲ್ಲಿಂದ ಎದ್ದು ಬಂದೆ. ಬ್ಲಾಕ್ ಕಚೇರಿಯಲ್ಲಿ ಕೇಳಿದೆ, ಜಮೀನಿನ ವಿಚಾರ, ತಾಲ್ಲೂಕಿನ ಮಾಮಲೇದಾರ ಕಚೇರಿಗೆ ಹೋಗು ಎಂದರು. ಮಾಮಲೇದಾರ ಕಚೇರಿಯಲ್ಲಿ ಕೇಳಿದೆ, ಅವಳ ಹೆಸರಿಗೆ ಜಾಗವೇ ಇಲ್ಲದ ಮೇಲೆ ತಕರಾರು ಎಲ್ಲಿಯದು ಎಂದರು. ಸಂಜೆ ಸೋದರತ್ತೆ, ನಿನಗೆ ಯಾಕೆ ಬೇಕು ಊರ ಉಸಾಬರಿ ಎಂದು ಅನ್ನ ಬಡಿಸಿದರು. ನಾನು ಅವರ ಮೇಲೂ ರೇಗಿದೆ.

ಕೊನೆಗೆ ದಾರಿ ತೆಗೆದದ್ದು ನಾನಲ್ಲ, ಅವಳ ಗಂಡ. ಹಳಿಯಾಳ ಕಡೆಯ ಆ ಹುಡುಗನ ಅಣ್ಣ ತಮ್ಮಂದಿರು ಗೋವೆಯ ಅದಿರು ಗಣಿಗೆ ಕೆಲಸಕ್ಕೆ ಹೊರಟಿದ್ದರು. ಗಡಿ ತೆರೆದಿತ್ತು, ಆಳು ಬೇಕಾಗಿತ್ತು. ಗಂಡ ಅವರ ಜೊತೆ ಮಾತಾಡಿ ಬಂದ. ಬಿಡಾರ ಹೇಗೂ ಹೋಯಿತು, ಇನ್ನು ಯಾರ ಅಪ್ಪಣೆಗೆ ಕಾಯುವುದೆಂದು ಮಗಳ ಮದುವೆಯನ್ನು ತಮ್ಮವರ ಕೇರಿಯಲ್ಲೇ ಮುಗಿಸಿದರು. ನನ್ನನ್ನೂ ಕರೆದಿದ್ದರು. ಒಡೆಯರ ಮಗಳು ಶಾಲೆಯಿಂದ ನೇರವಾಗಿ ಚೀಲ ಹೆಗಲಿಗೆ ಹಾಕಿಕೊಂಡೇ ಬಂದು, ಮದುಮಗಳ ಪಕ್ಕ ಚಾಪೆಯ ಮೇಲೆ ಕೂತು ಕಾಫಿ ಕುಡಿದು ಹೋದಳು. ಆ ಮೇ ತಿಂಗಳಿನಲ್ಲಿ ಅವಳನ್ನೂ ಹುಲಗೋಳದ ಕಡೆ ಮದುವೆ ಮಾಡಿ ಕೊಟ್ಟರು. ಹೈಸ್ಕೂಲಿನ ಕೊನೆಯ ವರ್ಷ ಬಾಕಿ ಇತ್ತು.

ಗೋವೆಗೆ ಹೊರಟ ಸಿದ್ದಿ ಸಂಸಾರವನ್ನು ಕಿರವತ್ತಿಯಲ್ಲಿ ಬಸ್ಸು ಹತ್ತಿಸಲು ನಾನು ಹೋಗಿದ್ದೆ. ಪಾತ್ರೆ, ಚಾಪೆ, ಒಂದು ಕೋಳಿಯ ಬುಟ್ಟಿ. ನಾನು ಏನೋ ಸಮಾಧಾನ ಹೇಳಬೇಕೆಂದು, ಗೋವೆ ಈಗ ನಮ್ಮದೇ ಎಂದೆ. ಗಂಡ ಬುಟ್ಟಿ ಮೇಲೆ ಕೊಡುತ್ತಾ ನಕ್ಕ.

"ನಮ್ಮ ಮುತ್ತಜ್ಜಿ ಜೀವ ಕೈಲಿ ಹಿಡ್ಕೊಂಡು ಈ ಘಟ್ಟ ಹತ್ತಿತ್ತಂತೆ ಅಮ್ಮಾ. ಈಗ ನಾವು ಟಿಕೀಟು ತಗೊಂಡು ಇಳೀತಾ ಇದ್ದೇವೆ" ಎಂದ.

ಅವಳು ನಗಲಿಲ್ಲ. ಕೋಳಿಯ ಬುಟ್ಟಿ ಸರಿಯಾಗಿ ಕಟ್ಟು ಎಂದು ಅವನಿಗೆ ಹೇಳಿದಳು.

ಆ ವರ್ಷವೇ ಮಳೆಗಾಲ ಕಳೆದ ಮೇಲೆ ಚೀನಾದ ಜೊತೆ ಯುದ್ಧ ಬಂತು. ವ್ಯಾನು ಮತ್ತೆ ಬಂತು, ಭಿತ್ತಿಚಿತ್ರಗಳು ಬದಲಾಗಿದ್ದವು. ಈ ಸಲ ಯುದ್ಧದ ನಿಧಿಗೆಂದು ಹೆಂಗಸರ ಕೈಯ ಬಳೆ, ಕಿವಿಯ ಓಲೆ ಕೇಳಲು ನನ್ನನ್ನು ಕಳಿಸಿದರು. ಸಿದ್ದಿಯರ ಬಿಡಾರದ ಜಾಗ ಅವರ ಹೆಸರಿಗೇ ಆಗಲಿ ಎಂದು ನಾನು ಬೇಸಿಗೆಯಲ್ಲೇ ಬರೆದುಕೊಟ್ಟಿದ್ದ ಅರ್ಜಿಯ ನೆನಪು ಮಾಡಿದಾಗ ಕಚೇರಿಯವರು, ದೇಶಕ್ಕೆ ಕಷ್ಟ ಬಂದಾಗ ಇಂಥದ್ದು ಎತ್ತುತ್ತೀರಲ್ಲ ಎಂದರು. ದೇಶ ಗೆದ್ದಾಗ ಸಂಭ್ರಮದಲ್ಲಿ ಪುರುಸೊತ್ತಿಲ್ಲ, ಸೋತಾಗ ದುಃಖದಲ್ಲಿ ಪುರುಸೊತ್ತಿಲ್ಲ. ಮಧ್ಯದಲ್ಲಿ ಯಾವತ್ತು ಬಿಡುವು ಎಂದು ಯಾರಾದರೂ ಮೊದಲೇ ತಿಳಿಸಿದ್ದರೆ ಆ ದಿನ ಹೋಗುತ್ತಿದ್ದೆ.

ಆ ಸಿದ್ದಿ ಹೆಂಗಸನ್ನು ಮತ್ತೆ ನೋಡಿದ್ದು ನಾಲ್ಕೈದು ವರ್ಷಗಳ ನಂತರ, ಯಲ್ಲಾಪುರದ ಬಸ್ ನಿಲ್ದಾಣದಲ್ಲಿ. ನಾನು ಸಿರ್ಸಿಯ ಬಸ್ಸಿಗೆ ಕಾಯುತ್ತಿದ್ದೆ. ಯಾರೋ "ಅಮ್ಮಾ" ಎಂದರು. ಮೈ ಸ್ವಲ್ಪ ಇಳಿದಿತ್ತು, ಕೈಯಲ್ಲಿ ಮೊಮ್ಮಗಳು. ನಾದಿನಿಯ ಮನೆಯ ಮದುವೆಗೆ ಬಂದಿದ್ದಳು. ಕಲ್ಲುಬೆಂಚಿನ ಮೇಲೆ ಜಾಗ ತೋರಿಸಿದೆ. ಒಂದು ಕ್ಷಣ ಸುತ್ತ ನೋಡಿ, ಆಮೇಲೆ ಕೂತಳು.

ಗೋವೆ ಹೇಗಿದೆ ಎಂದು ಕೇಳಿದೆ.

"ಧೂಳು ಅಮ್ಮಾ. ಉಗಿದ್ರೂ ಕೆಂಪು, ಬಟ್ಟೆ ಹಿಂಡಿದ್ರೂ ಕೆಂಪು. ಧಣಿ ಅಲ್ಲೂ ಇದ್ದಾನೆ. ಆದ್ರೆ ಶನಿವಾರ ಕೂಲಿ ಕೊಟ್ಟ ಮೇಲೆ ಅವ ಯಾರೋ, ನಾವು ಯಾರೋ. ನಮ್ಮನೆ ಮದುವೆ ಸುದ್ದಿಗೆ ಬರೂದಿಲ್ಲ."

"ಅಲ್ಲಿಯ ಜನ?"

ಆಗ ಅವಳಿಗೆ ರೇಗಿತು. ಅವಳು ರೇಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅವ್ರದ್ದೊಂದು ಕಾಟ. ನಾವು ಅಂಗಡಿಗೆ ಹೋದ್ರೆ ಸಾಕು, ಬಂದ್ರು ನೋಡಿ ಇಂಡಿಯಾದವ್ರು ಅಂತಾರೆ. ನೀವು ಬಂದ ಮೇಲೆ ಬಟಾಟೆ ತುಟ್ಟಿ ಆಯ್ತು, ನೀವು ಬಂದ ಮೇಲೆ ಒಳ್ಳೇ ಸೋಪು ಸಿಕ್ಕೂದಿಲ್ಲ, ನಿಮ್ಮನ್ನ ಯಾರು ಕರ್ದಿದ್ರು ಅಂತಾರೆ. ನನ್ನ ಹತ್ರ ಅಮ್ಮಾ. ಗೋವೆ ಬಿಡ್ಸಿದ್ದು ನಾನೇ ಅನ್ನೂ ಹಾಗೆ."

"ನೀನು ಏನಂತೀಯೆ?"

"ಎಂತ ಹೇಳೂದು. ನಿಮ್ಮನ್ನ ಬಿಡ್ಸೂ ಮೊದ್ಲು ನಂಗೆ ಯಾರೂ ಕೇಳ್ಲಿಲ್ಲ ಮಾರಾಯ್ರೇ, ನಂಗೂ ಕೊಟ್ಟಿಗೆ ಕೆಲ್ಸ ಇತ್ತು ಅಂತೇನೆ." ಹೇಳಿ ಮುಗಿಸುವ ಹೊತ್ತಿಗೆ ಅವಳಿಗೇ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಭುಜ ಅಲುಗುವಷ್ಟು ನಕ್ಕಳು. ನನಗೂ ತಡೆಯಲಾಗಲಿಲ್ಲ. ಮಗು ನಮ್ಮಿಬ್ಬರನ್ನೂ ಬಾರಿ ಬಾರಿ ನೋಡುತ್ತಿತ್ತು.

ಅಷ್ಟರಲ್ಲಿ ನನ್ನ ಬಸ್ಸು ಬಂದು ನಿಂತು, ಕಂಡಕ್ಟರು ಸಿರ್ಸಿ ಸಿರ್ಸಿ ಎಂದು ಕೂಗತೊಡಗಿದ. ಮುಂದಿನ ವರ್ಷ ಈ ಮೊಮ್ಮಗಳನ್ನು ಅಲ್ಲಿಯ ಶಾಲೆಗೆ ಹಾಕಬೇಕು, ಅಲ್ಲಿ ಯಾವ ಭಾಷೆಯಲ್ಲಿ ಕಲಿಸುತ್ತಾರೋ ಇನ್ನೂ ಗೊತ್ತಾಗಿಲ್ಲ, ವರ್ಷಕ್ಕೊಂದು ಹೇಳುತ್ತಾರೆ ಎಂದಳು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಮಗುವಿಗೆ ಬಿಸ್ಕೀಟು ಕೊಡಿಸಲು ಅಂಗಡಿಯ ಕಡೆ ಹೋಗುತ್ತಿದ್ದಳು.